ಅರಳುಮರಳೂ ಆಲ್ಝೈಮರನೂ

ಮನೆಯ ಹಿರಿಯರು ಉಂಡುದನ್ನು ಮರೆತು ಮತ್ತೆ ಊಟ ಕೇಳತೊಡಗಿದಾಗ, "ಅರವತ್ತಕ್ಕೆ ಅರಳುಮರಳು" ಎಂದು ಗಾದೆ ಹೇಳಿ ನಿಶ್ಚಿಂತರಾಗುವುದು ನಮ್ಮಲ್ಲಿ ಬಹುಕಾಲದ ರೂಢಿ. ಈಚೆಗೆ ಆ ಗಾದೆಯ ಸ್ಥಾನದಲ್ಲಿ ಆಲ್ಝೈಮರ್ ಎಂಬ ಹೆಸರು ಬಂದು ಕುಳಿತಿದೆ. ಹೆಸರು ಬದಲಾದರೂ ನಿಶ್ಚಿಂತೆ ಮಾತ್ರ ಬದಲಾಗಿಲ್ಲ. 1864ರಲ್ಲಿ ಬವೇರಿಯದ ಮಾರ್ಕ್ಟ್‌ಬ್ರೈಟ್‌ನಲ್ಲಿ ಹುಟ್ಟಿ, ಹಗಲೆಲ್ಲ ಚಿತ್ತಭ್ರಮಿತರ ಮಗ್ಗುಲಲ್ಲಿಯೂ ಸಂಜೆಯಾದೊಡನೆ ಸೂಕ್ಷ್ಮದರ್ಶಕದ ಮುಂದೆಯೂ ಕುಳಿತ ಮನೋವೈದ್ಯ ಆಲ್ಝೈಮರನ ಕಾರ್ಯವನ್ನು ಕುರಿತು ಪ್ರಚಲಿತವಾಗಿರುವ ಕೆಲವು ಭಾವನೆಗಳನ್ನು ಇಲ್ಲಿ ಪರಿಶೀಲಿಸಬಹುದು.

ನಂಬಿಕೆ: ಮತಿ ಮಸುಳುವುದು ಮುಪ್ಪಿನ ಸಹಜಧರ್ಮ, ಆಲ್ಝೈಮರನು ಅದಕ್ಕೊಂದು ಹೆಸರು ಕೊಟ್ಟನಷ್ಟೆ.

ವಾಸ್ತವ: ಆತನ ಗಮನವನ್ನು ಸೆಳೆದವಳು ವೃದ್ಧೆಯೇ ಅಲ್ಲ. 1901ರ ನವೆಂಬರ್‌ನಲ್ಲಿ ಫ್ರಾಂಕ್‌ಫರ್ಟ್‌ನ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಲ್ಪಟ್ಟ ಆಗಸ್ಟೆ ಡೀಟರ್ ಎಂಬಾಕೆಗೆ ಆಗ 51 ವರ್ಷ. ಪತಿಯ ಶೀಲವನ್ನು ಅಕಾರಣವಾಗಿ ಶಂಕಿಸುತ್ತಿದ್ದ, ತನ್ನ ಮನೆಯೊಳಗೇ ದಾರಿ ತಪ್ಪುತ್ತಿದ್ದ ಆಕೆ, ಗಂಡನ ಹೆಸರೇನೆಂದು ಕೇಳಿದರೆ ತನ್ನ ಹೆಸರನ್ನೇ ಹೇಳುತ್ತಿದ್ದಳು. 1906ರಲ್ಲಿ ಆಕೆ ತೀರಿಕೊಂಡ ಬಳಿಕ, ಆ ವೇಳೆಗೆ ತಾನಿದ್ದ ಮ್ಯೂನಿಕ್‌ಗೆ ತರಿಸಿಕೊಂಡ ಮಿದುಳಿನ ತೆಳುಪದರಗಳಿಗೆ ರಜತಲವಣದ ಬಣ್ಣ ಕಟ್ಟಿ ನೋಡಿದಾಗ, ನರಕೋಶಗಳ ಒಳಗೆ ಗಂಟುಗಟ್ಟಿದ ತಂತುಗಳೂ ಹೊರಗೆ ಅಪರಿಚಿತ ದ್ರವ್ಯದ ಕಲೆಗಳೂ ಆಲ್ಝೈಮರನಿಗೆ ಕಂಡವು. ರೋಗಿಯ ವಯಸ್ಸು ಚಿಕ್ಕದಾಗಿದ್ದುದರಿಂದಲೇ ಇದು ಮುಪ್ಪಿಗೆ ಮುಂಚೆ ಬರುವ ವಿರಳವ್ಯಾಧಿಯೆಂದು ದಶಕಗಳವರೆಗೆ ಪರಿಗಣಿತವಾಗಿದ್ದಿತು. ಮತಿಗೆಟ್ಟ ವೃದ್ಧರ ಮಿದುಳುಗಳಲ್ಲಿಯೂ ಬಹುಮಟ್ಟಿಗೆ ಇದೇ ವಿಕಾರಗಳಿವೆಯೆಂಬುದನ್ನು ಬ್ರಿಟನ್ನಿನ ನ್ಯೂಕ್ಯಾಸಲ್‌ನ ಸಂಶೋಧಕರು 1960ರ ದಶಕದಲ್ಲಿ ತೋರಿಸಿಕೊಟ್ಟ ಮೇಲೆಯೇ, ಮುಪ್ಪಿನ ಫಲವೆನಿಸಿಕೊಂಡಿದ್ದುದು ರೋಗವೆಂಬ ಅರಿವು ಬೇರೂರಿದುದು.

ನಂಬಿಕೆ: ಆತನು ರೋಗವನ್ನು ಕಂಡುಹಿಡಿದು, ಅದಕ್ಕೆ ತನ್ನ ಹೆಸರನ್ನಿಟ್ಟು, ತತ್‌ಕ್ಷಣವೇ ಲೋಕಪ್ರಸಿದ್ಧನಾದನು.

ವಾಸ್ತವ: 1906ರ ನವೆಂಬರ್ 3ರಂದು ಟ್ಯೂಬಿಂಗೆನ್‌ನ ವೈದ್ಯಸಭೆಯಲ್ಲಿ ಆತನು ಈ ವಿಷಯವನ್ನು ಮಂಡಿಸಿದಾಗ ಸಭಿಕರಲ್ಲಿ ಒಬ್ಬನೂ ಪ್ರಶ್ನೆ ಕೇಳಲಿಲ್ಲ. ಮಿದುಳಿನ ಕಲೆಗಳನ್ನು ಬ್ಲಾಕ್ ಮತ್ತು ಮರಿನೆಸ್ಕೊ ಎಂಬ ವೈದ್ಯರು 1892ರಲ್ಲಿಯೇ ವರ್ಣಿಸಿದ್ದರು. ಪ್ರಾಗ್‌ನ ಆಸ್ಕರ್ ಫಿಷರ್ 1907ರಲ್ಲಿ ಅವನ್ನು ವೃದ್ಧರ ಮಿದುಳುಗಳಲ್ಲಿ ವಿಸ್ತಾರವಾಗಿ ನಿರೂಪಿಸಿದನು. ರೋಗಕ್ಕೆ ಆಲ್ಝೈಮರನ ಹೆಸರನ್ನಿತ್ತವನು ಆತನ ಹಿರಿಯನಾದ ಎಮಿಲ್ ಕ್ರೇಪೆಲಿನ್, 1910ರ ತನ್ನ ಪಠ್ಯಗ್ರಂಥದಲ್ಲಿ. ಇದು ನಿಜವಾಗಿಯೂ ಬೇರೆಯೇ ರೋಗವೋ ಎಂದು 1911ರಲ್ಲಿ ಲಿಖಿತವಾಗಿ ಸಂದೇಹಿಸಿದವನು ಸ್ವಯಂ ಆಲ್ಝೈಮರನೇ.

ನಂಬಿಕೆ: ಆತನ ಜೀವಮಾನದ ಕಾರ್ಯವೆಲ್ಲ ಈ ಒಂದು ವ್ಯಾಧಿಯೇ.

ವಾಸ್ತವ: ಆತನ ಶ್ರಮದ ದೊಡ್ಡ ಪಾಲು ಸಂದದ್ದು, ಅಂದಿನ ಹುಚ್ಚಾಸ್ಪತ್ರೆಗಳನ್ನು ತುಂಬಿದ್ದ ಸಿಫಿಲಿಸ್‌ಜನ್ಯ ಚಿತ್ತವಿಕಾರಕ್ಕೆ. ಇತರ ಹುಚ್ಚುಗಳಿಂದ ಇದನ್ನು ಮಿದುಳಿನ ಅಂಗಾಂಶದ ಮೂಲಕ ಬೇರ್ಪಡಿಸಿ ಗುರುತಿಸುವ ಕ್ರಮವನ್ನು ಆತನು 1904ರ ಪ್ರಬಂಧದಲ್ಲಿ ನಿರೂಪಿಸಿದನು. 1913ರಲ್ಲಿ ನೊಗುಚಿ ಮತ್ತು ಮೂರ್ ಎಂಬ ಸಂಶೋಧಕರು ಅಂಥ ರೋಗಿಗಳ ಮಿದುಳಿನಲ್ಲಿಯೇ ಸಿಫಿಲಿಸ್‌ನ ಅಣುಜೀವಿಯನ್ನು ಕಂಡರು. ಪೆನಿಸಿಲಿನ್ ಬಳಕೆಗೆ ಬಂದ ಮೇಲೆ ಆ ಹುಚ್ಚು ವಿರಳವಾಯಿತು. ಪೂರ್ವಕರ್ಮವೆಂದೋ ಗ್ರಹಚಾರವೆಂದೋ ಜನ ಕೈಬಿಟ್ಟ ಒಂದು ಉನ್ಮಾದಕ್ಕೆ ಕಾರಣವೂ ಔಷಧವೂ ದೊರೆಯಬಹುದೆಂಬುದಕ್ಕೆ ಇದಕ್ಕಿಂತ ಬಲವಾದ ನಿದರ್ಶನ ಬೇಕಿಲ್ಲ.

ನಂಬಿಕೆ: ಡಿಮೆನ್ಷಿಯಾ ಎಂದರೆ ಆಲ್ಝೈಮರ್, ಬಂದ ಮೇಲೆ ಮಾಡುವುದೇನೂ ಇಲ್ಲ.

ವಾಸ್ತವ: ಡಿಮೆನ್ಷಿಯಾ ಲಕ್ಷಣಸಮೂಹದ ಹೆಸರು, ಆಲ್ಝೈಮರ್ ಅದರ ಕಾರಣಗಳಲ್ಲಿ ಅತಿ ಸಾಮಾನ್ಯವಾದುದು ಮಾತ್ರ. ರಕ್ತನಾಳಗಳು ಪೆಡಸಾಗಿ ಮಿದುಳು ಕೆಡುವ ಬಗೆಯನ್ನು ವೈದ್ಯ ಆಲ್ಝೈಮರನೇ ಪ್ರತ್ಯೇಕಿಸಿ ವರ್ಣಿಸಿದ್ದನು. ಥೈರಾಯ್ಡ್‌ನ ಕೊರತೆಯಿಂದಲೋ ಬಿ12 ಜೀವಸತ್ವದ ಅಭಾವದಿಂದಲೋ ಖಿನ್ನತೆಯಿಂದಲೋ ಉಂಟಾಗುವ ಮರೆವು ಚಿಕಿತ್ಸೆಗೆ ಬಗ್ಗುವುದುಂಟು. ಗಾದೆ ಹೇಳಿ ಸುಮ್ಮನಾದ ಮನೆಯಲ್ಲಿ ಆ ಅವಕಾಶ ಕೈತಪ್ಪುತ್ತದೆ. ಆಲ್ಝೈಮರ್ ರೋಗ ಇಂದಿಗೂ ಗುಣವಾಗುವಂಥದಲ್ಲ. ಆದರೆ ಆತನು ಕಂಡ ಕಲೆಗಳು ಅಮಿಲಾಯ್ಡ್ ಎಂಬ ಪ್ರೋಟೀನಿನವೆಂದೂ ಗಂಟುಗಳು ಟೌ ಎಂಬುದರವೆಂದೂ 1980ರ ದಶಕದಲ್ಲಿ ತಿಳಿದುಬಂದುದರಿಂದ, ಅಮಿಲಾಯ್ಡನ್ನು ನೀಗಿ ರೋಗದ ಗತಿಯನ್ನು ತುಸು ನಿಧಾನಗೊಳಿಸುವ ಔಷಧಗಳು ಬಂದಿವೆ.

ಆಲ್ಝೈಮರನು 1915ರಲ್ಲಿ, 51ನೆಯ ವಯಸ್ಸಿನಲ್ಲಿ, ಬ್ರೆಸ್ಲಾವ್‌ನಲ್ಲಿ ನಿಧನನಾದನು. ಆಗಸ್ಟೆ ಆಸ್ಪತ್ರೆ ಸೇರಿದುದೂ ಅದೇ ವಯಸ್ಸಿನಲ್ಲಿ. ಕಳೆದುಹೋಯಿತೆನ್ನಲಾಗಿದ್ದ ಆಕೆಯ ಕಡತ 1995ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ದೊರೆತಾಗ, ಅದರಲ್ಲಿ ಇದ್ದುದು ಬರಿಯ ರೋಗವರ್ಣನೆಯಲ್ಲ. ಕೇಳಿದ ಪ್ರಶ್ನೆಗಳೂ ಆಕೆಯ ತಡವರಿಸಿದ ಉತ್ತರಗಳೂ ಸಾಲುಸಾಲಾಗಿ ಉಳಿದಿದ್ದವು. ಅಸಂಬದ್ಧವೆಂದು ಇತರರು ತಳ್ಳಿಹಾಕಬಹುದಾಗಿದ್ದ ಮಾತನ್ನು ಆತನು ಬರೆದಿಟ್ಟುಕೊಂಡಿದ್ದನು.