ಹೊಸ ವಿಂಡೋಸ್ ಹಾಕಿದರೆ ಹಳೆಯ ನುಡಿ ಕಡತಗಳ ಗತಿ?

ಪ್ರಶ್ನೆ: ರೋಣದಲ್ಲಿ ನಮ್ಮದು ಝರಾಕ್ಸ್, ಡಿಟಿಪಿ ಅಂಗಡಿ. ವಿಂಡೋಸ್ 7 ತೆಗೆದು ಹೊಸದು ಹಾಕಿಸಿದರೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಕರಾರುಪತ್ರ, ಲಗ್ನಪತ್ರಿಕೆಗಳು ಹಾಳಾಗುತ್ತವೆಯೇ?

ಉತ್ತರ: ಹಾಳಾಗುವುದಿಲ್ಲ, ಆದರೆ ತೆರೆದಾಗ ಎದೆ ಧಸಕ್ಕೆನ್ನಬಹುದು. ಹಳೆಯ ನುಡಿ ಫಾಂಟುಗಳು ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ಕನ್ನಡ’ ಎಂದಿದ್ದಲ್ಲಿ ಪಿ, ಕ್ಯೂ, ಪೌಂಡಿನ ಚಿಹ್ನೆ ಕಾಣುತ್ತವೆ. ಗಾಬರಿ ಬೇಡ, ಅದೇ ಫಾಂಟ್ ಹಾಕಿದರೆ ಅಕ್ಷರಗಳು ಮರಳಿ ಬರುತ್ತವೆ.

ನಿಜವಾದ ಅಪಾಯ ಫಾರ್ಮ್ಯಾಟ್ ಮಾಡುವಾಗಿನದು. ಡೆಸ್ಕ್‌ಟಾಪ್ ಮೇಲಿಟ್ಟ ಕಡತಗಳೂ ಸಿ ಡ್ರೈವ್‌ನಲ್ಲೇ ಇರುತ್ತವೆ, ಅಳಿಸಿಹೋಗುತ್ತವೆ. ಮೊದಲು ಎಲ್ಲವನ್ನೂ, ಫಾಂಟುಗಳ ಸಮೇತ, ಬೇರೆ ಹಾರ್ಡ್‌ಡಿಸ್ಕಿಗೆ ನಕಲಿಸಿ, ಒಂದೆರಡು ತೆರೆದು ನೋಡಿ. ಆಮೇಲೆ ಮುಖ್ಯವಾದವನ್ನು ಹಳೆಯ ಫಾಂಟಿನ ಹಂಗಿಲ್ಲದ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ರಂದೇ ಬೆಂಬಲ ನಿಲ್ಲಿಸಿದೆ. ಗಿರಾಕಿಗಳ ಆಧಾರ್, ಪಹಣಿ ಪ್ರತಿಗಳು ಹಾದುಹೋಗುವ ಯಂತ್ರವನ್ನು ಹಾಗೆ ಬಿಡಬಾರದು. ವಿಂಡೋಸ್ 11ಕ್ಕೆ 4 ಜಿಬಿ ರ್‍ಯಾಮ್ ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಅದಿಲ್ಲದ ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿ ನೋಡಿ. ಉಚಿತ, ಯೂನಿಕೋಡ್ ಕನ್ನಡವೂ ಚೆನ್ನಾಗಿ ಮೂಡುತ್ತದೆ.