ಬಿ.ಎ. ಆಯ್ತು, ಎಂ.ಎ. ಯಾವುದರಲ್ಲಿ?

ಕಾವೇರಿ ದಂಡೆಯ ಮುಳ್ಳೂರಿನಿಂದ ಕೊಳ್ಳೇಗಾಲದ ಕಾಲೇಜಿಗೆ ಓಡಾಡಿ ಬಿ.ಎ. ಮುಗಿಸಿದ ಹುಡುಗಿಯೊಬ್ಬಳಿದ್ದಾಳೆ ಅಂದುಕೊಳ್ಳಿ. ಮುಂದೇನು ಎಂದು ಕೇಳಿದರೆ ಮನೆಯವರು ಬಿ.ಇಡಿ. ಅನ್ನುತ್ತಾರೆ, ಗೆಳತಿಯರು ಎಂ.ಎ. ಅನ್ನುತ್ತಾರೆ. ಯಾವ ಎಂ.ಎ. ಎಂಬ ಪ್ರಶ್ನೆ ಬರುವುದು ಅರ್ಜಿ ತುಂಬುವ ದಿನ, ಸೈಬರ್ ಸೆಂಟರ್‌ನಲ್ಲಿ. ಹೆಚ್ಚು ಅಂಕ ಬಂದ ವಿಷಯಕ್ಕೆ ಮೊದಲ ಟಿಕ್, ಜೊತೆಯವರು ಹಾಕಿದ್ದಕ್ಕೆ ಎರಡನೆಯದು. ಎರಡು ವರ್ಷದ ಓದು ಹೀಗೆ ಐದು ನಿಮಿಷದಲ್ಲಿ ತೀರ್ಮಾನವಾಗಿಬಿಡುತ್ತದೆ.

ಈ ತೀರ್ಮಾನಕ್ಕೆ ಎಷ್ಟು ತೂಕವಿದೆ ಎಂಬುದಕ್ಕೆ ಮೈಸೂರಿನಲ್ಲೇ ದೊಡ್ಡ ಸಾಕ್ಷಿಯಿದೆ. 1927ರಲ್ಲಿ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಕುವೆಂಪು ಅವರ ಒಲವು ತತ್ತ್ವಶಾಸ್ತ್ರದ ಕಡೆಗಿತ್ತು. ಕನ್ನಡ ಎಂ.ಎ. ಆಗಷ್ಟೇ ಕಣ್ಣುಬಿಡುತ್ತಿತ್ತು. ಅದನ್ನೇ ತೆಗೆದುಕೊಳ್ಳಿ ಎಂದು ಒತ್ತಾಯಿಸಿದವರು ಅವರ ಗುರು ಟಿ.ಎಸ್. ವೆಂಕಣ್ಣಯ್ಯ. ಕುವೆಂಪು ಒಪ್ಪಿದರು, 1929ರಲ್ಲಿ ಪದವಿ ಪಡೆದು ಅದೇ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು. ಶಿಷ್ಯನ ಬರಹ ಬಲ್ಲ ಗುರು ಹೇಳಿದ ಮಾತದು. ಅಂಕಪಟ್ಟಿ ನೋಡಿ ಕೊಟ್ಟ ಸಲಹೆಯಲ್ಲ.

ಇನ್ನೊಂದು ಉದಾಹರಣೆ ಕೊಳ್ಳೇಗಾಲದ ಪಕ್ಕದೂರಿನವರದೇ. ಕಾದಂಬರಿಕಾರ, ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಚಳ್ಳಕೆರೆ ಸೀಮೆಯ ಸಿರಿಯಜ್ಜಿಯ ಬಾಯಿಂದ ಹಾಡುಗಳನ್ನು ಬರೆದುಕೊಂಡರು. ಅಕ್ಷರ ಓದದ ಆ ಅಜ್ಜಿಯ ಹಾಡುಗಳು ‘ಸಾವಿರದ ಸಿರಿ ಬೆಳಗು’ ಎಂಬ ಪುಸ್ತಕವಾಗಿ ನಾಡಿಗೆ ಸಿಕ್ಕವು. ಹಟ್ಟಿಯಲ್ಲಿ ಕೂತು ಕೇಳುವ ಕಿವಿ ಇದ್ದವರಿಗೆ ಮಾತ್ರ ಇಂಥ ಕೆಲಸ ದಕ್ಕುತ್ತದೆ. ಎಂ.ಎ. ಓದು ಕೊಡಬೇಕಾದ್ದು ಆ ಕಿವಿಯನ್ನು.

ಹಾಗಾದರೆ ತನಗೆ ಹೊಂದುವ ವಿಷಯ ಯಾವುದೆಂದು ತಿಳಿಯುವುದು ಹೇಗೆ? ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರು ಜಾತ್ರೆಗೆ ಹೋಗಿ ನೋಡಬಹುದು. ಬನದ ಹುಣ್ಣಿಮೆಯ ರಾತ್ರಿ, ಜನಪದ ಸಂತ ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿಯ ಗದ್ದುಗೆಯ ಮುಂದೆ ಚಂದ್ರಮಂಡಲ ಎಂಬ ಜ್ಯೋತಿ ಹೊತ್ತಿಸುತ್ತಾರೆ. ಉರಿ ಯಾವ ದಿಕ್ಕಿಗೆ ವಾಲುತ್ತದೋ ಆ ದಿಕ್ಕಿಗೆ ಮಳೆ–ಬೆಳೆ ಚೆನ್ನ ಎಂಬ ನಂಬಿಕೆ. ಬಯಲಿನ ತುಂಬ ಬಿಡಾರ, ಸೌದೆ ಒಲೆಯ ಹೊಗೆ. ತಂಬೂರಿ ಮೀಟಿ, ಗಗ್ಗರ ಆಡಿಸಿ, ಡಕ್ಕೆ ನುಡಿಸುತ್ತ ಆ ಪರಂಪರೆಯ ಗಾಯಕರಾದ ನೀಲಗಾರರು ಮಂಟೇಸ್ವಾಮಿಯ ಕತೆ ಬಿಚ್ಚುತ್ತಾರೆ. ಮುಂದಿನ ದಿನಗಳಲ್ಲಿ ಮುಡಿಸೇವೆ, ಒಟ್ಟಿಗೆ ಕೂತು ಉಣ್ಣುವ ಪಂಕ್ತಿಸೇವೆ.

ಇಲ್ಲಿ ಯಾವುದು ಹಿಡಿದು ನಿಲ್ಲಿಸುತ್ತದೆ ಎಂಬುದನ್ನು ಗಮನಿಸಬೇಕು. ಕತೆಯ ಮಾತಿನ ಬನಿ ಕಿವಿಗೆ ಬಿದ್ದು ಕಾಲು ಅಲ್ಲೇ ನಿಂತರೆ ಕನ್ನಡ ಸಾಹಿತ್ಯ. ಅದೇ ಕತೆಯನ್ನು ಇನ್ನೊಂದು ಮೇಳ ಬೇರೆ ಥರ ಹಾಡುತ್ತದಲ್ಲ, ಏಕೆ ಎಂದು ಕೆದಕಬೇಕೆನಿಸಿದರೆ ಜಾನಪದ. ಪಂಕ್ತಿಯಲ್ಲಿ ಯಾವ ಯಾವ ಜಾತಿಯವರು ಒಟ್ಟಿಗೆ ಕೂತರು, ಊರಿಗೆ ಮರಳಿದ ಮೇಲೂ ಹಾಗೇ ಕೂರುತ್ತಾರೆಯೇ, ಜಾತ್ರೆಯ ಪ್ರಾಣಿಬಲಿ ವಿವಾದದಲ್ಲಿ ಯಾರು ಏನು ಹೇಳುತ್ತಿದ್ದಾರೆ ಎಂದು ತಲೆ ಓಡಿದರೆ ಸಮಾಜಶಾಸ್ತ್ರ ಅಥವಾ ಮಾನವಶಾಸ್ತ್ರ. ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗಿ ಬಸವಣ್ಣನನ್ನು ಪರೀಕ್ಷಿಸಿದ ಭಾಗ ಕೇಳಿ, ಚರಿತ್ರೆಯಲ್ಲಿ ಇದಕ್ಕೆ ಎಡೆ ಎಲ್ಲಿ ಎಂಬ ಕುತೂಹಲ ಹುಟ್ಟಿದರೆ ಇತಿಹಾಸ. ಹೊಳೆಯಾಚೆಯ ತಲಕಾಡಿನ ಮರಳಡಿಯ ಗುಡಿಗಳೇ ಹೆಚ್ಚು ಸೆಳೆಯುವವರಿಗೆ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವವಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನುಡಿಗೆ ಕಿವಿಗೊಟ್ಟವರಿಗೆ ಭಾಷಾವಿಜ್ಞಾನ. ಅದರ ರಾಷ್ಟ್ರಮಟ್ಟದ ಸಂಸ್ಥೆ, 1969ರಲ್ಲಿ ಹುಟ್ಟಿದ ಭಾರತೀಯ ಭಾಷಾ ಸಂಸ್ಥಾನ, ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ.

ಕುತೂಹಲದಷ್ಟೇ ಮುಖ್ಯವಾದದ್ದು ಹೊಟ್ಟೆಪಾಡು. ನೇಮಕಾತಿ ನಿಯಮವನ್ನು ಮೊದಲೇ ಓದದೆ ಪೆಟ್ಟು ತಿಂದವರು ಬಹಳ. ಪಿಯು ಉಪನ್ಯಾಸಕ ಹುದ್ದೆಗೆ ಆಯಾ ವಿಷಯದ ಎಂ.ಎ. ಜೊತೆಗೆ ಬಿ.ಇಡಿ. ಬೇಕು. ಪಿಯು ಹಂತದಲ್ಲಿ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಇವೆ. ಜಾನಪದವಾಗಲಿ ಭಾಷಾವಿಜ್ಞಾನವಾಗಲಿ ಇಲ್ಲ. ಅವನ್ನು ಓದಿದವರಿಗೆ ಆ ಬಾಗಿಲು ತೆರೆಯುವುದು ಕಷ್ಟ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಲು ಎಂ.ಎ.ಯಲ್ಲಿ ಶೇ 55 ಅಂಕ (ಮೀಸಲು ವರ್ಗಕ್ಕೆ ಶೇ 50), ಮೇಲೆ ನೆಟ್ ಅಥವಾ ಕೆ–ಸೆಟ್ ಬೇಕು. ನೆಟ್ ವಿಷಯಪಟ್ಟಿಯಲ್ಲಿ ಜನಪದ ಸಾಹಿತ್ಯವೂ ಇದೆ, ಭಾಷಾವಿಜ್ಞಾನವೂ ಇದೆ. ಅದರಲ್ಲೇ ಜೆಆರ್‌ಎಫ್ ಗಿಟ್ಟಿಸಿದರೆ ಸಂಶೋಧನೆಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. 2023ರ ಜನವರಿಯಿಂದ ಇದು ಜಾರಿಯಲ್ಲಿದೆ. ಕೆಎಎಸ್ ಒಂದೇ ಗುರಿಯಾದವರಿಗೆ ಎಂ.ಎ. ಕಡ್ಡಾಯವಲ್ಲ, ಯಾವುದೇ ಪದವಿ ಸಾಕು. ಆದರೂ ಪರೀಕ್ಷೆಗೆ ಓದಿಕೊಳ್ಳಲು ಹಾಸ್ಟೆಲ್ ಸಿಗಲೆಂದು ಮಾತ್ರ ಎಂ.ಎ. ಸೇರುವವರೂ ಇದ್ದಾರೆ, ಬಡ ಮನೆಯ ಮಕ್ಕಳ ಆ ಲೆಕ್ಕವನ್ನು ಯಾರೂ ಹಗುರವಾಗಿ ಕಾಣಬಾರದು.

ಆಮೇಲೆ ದೂರದ ಮಾತು. ಕೊಳ್ಳೇಗಾಲಕ್ಕೆ ರೈಲಿಲ್ಲ. ಬಸ್ಸಿನಲ್ಲಿ ಮೈಸೂರು ಸುಮಾರು 60 ಕಿ.ಮೀ., ಚಾಮರಾಜನಗರ ಸುಮಾರು 40. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿತು. ಅದೇ ವರ್ಷ ಚಾಮರಾಜನಗರದ ಸ್ನಾತಕೋತ್ತರ ಕೇಂದ್ರ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಎರಡೇ ವರ್ಷದಲ್ಲಿ, 2025ರ ಫೆಬ್ರುವರಿಯಲ್ಲಿ, ಮುಚ್ಚಬಹುದಾದ ಒಂಬತ್ತು ವಿ.ವಿ.ಗಳ ಪಟ್ಟಿಯಲ್ಲಿ ಸಂಪುಟ ಉಪಸಮಿತಿ ಅದರ ಹೆಸರನ್ನೂ ಸೇರಿಸಿತು. ಗಡಿ ಜಿಲ್ಲೆಯ ಮಕ್ಕಳಿಗೆ ಮನೆಗೆ ಹತ್ತಿರದಲ್ಲಿ ಎಂ.ಎ. ಇದ್ದರೆ ಓದು ಮುಂದುವರಿಯುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಹಣದ ಕೊರತೆಯ ಕಾರಣಕ್ಕೆ ಆ ಅವಕಾಶವನ್ನು ಕಿತ್ತುಕೊಳ್ಳುವುದು ಅನ್ಯಾಯ. ದುಡಿಯುತ್ತ ಓದುವವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯವಿದೆ. ಕೇಂದ್ರೀಯ ವಿ.ವಿ.ಗಳಿಗೆ ಹೋಗುವ ಮನಸ್ಸಿದ್ದರೆ ಸಿಯುಇಟಿ–ಪಿಜಿ ಬರೆಯಬೇಕು.

ಅರ್ಜಿ ಹಾಕುವ ಮೊದಲು ವಿಭಾಗಕ್ಕೆ ಒಮ್ಮೆ ಹೋಗಿಬರುವುದು ಒಳ್ಳೆಯದು. ಕಾಯಂ ಅಧ್ಯಾಪಕರು ಎಷ್ಟು ಮಂದಿ, ಅತಿಥಿ ಉಪನ್ಯಾಸಕರು ಎಷ್ಟು ಎಂದು ಕೇಳಬೇಕು. ನಾಲ್ಕೂ ಸೆಮಿಸ್ಟರಿನ ಪಠ್ಯಕ್ರಮ ತರಿಸಿಕೊಂಡು, ಕ್ಷೇತ್ರಕಾರ್ಯ ಇದೆಯೋ ಬರೀ ಟಿಪ್ಪಣಿ ಪಾಠವೋ ನೋಡಬೇಕು. ಹಿಂದಿನ ವರ್ಷದವರ ಕಿರುಪ್ರಬಂಧಗಳನ್ನು ತೋರಿಸಿ ಎಂದರೆ ವಿಭಾಗದ ಹಣೆಬರಹ ಅಲ್ಲೇ ಗೊತ್ತಾಗುತ್ತದೆ. ಮೈಸೂರು ವಿ.ವಿ.ಯ ಮಾನಸಗಂಗೋತ್ರಿಗೆ ಹೋದವರು ಜಯಲಕ್ಷ್ಮೀ ವಿಲಾಸ ಅರಮನೆಯ ಜಾನಪದ ವಸ್ತುಸಂಗ್ರಹಾಲಯ ತೆರೆದಿದ್ದರೆ ಅದನ್ನೂ ಹೊಕ್ಕು ಬರಲಿ. 1968ರಲ್ಲಿ ಶುರುವಾದ ಆ ಸಂಗ್ರಹದ ಹಿಂದೆ ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರಂಥವರು ಊರೂರು ತಿರುಗಿ ಹೊತ್ತು ತಂದ ಶ್ರಮವಿದೆ.