ಜೋಳದ ಸಾಲಿನಲ್ಲಿ ಮೊಲದ ಮರಿ

ಕುಂದಗೋಳದ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಸುಗ್ಗಿ ನಡೆದಾಗ, ಸಾಲಿನ ನಡುವೆ ಒಮ್ಮೊಮ್ಮೆ ಮೊಲದ ಮರಿ ಕಾಣಿಸುವುದುಂಟು. ಅಲುಗಾಡದೆ ಮುದುಡಿ ಕುಳಿತ ಅದನ್ನು ತಬ್ಬಲಿಯೆಂದು ಬಗೆದು, ಕನಿಕರದಿಂದಲೇ ಮನೆಗೆ ತಂದು ಆಕಳ ಹಾಲು ಕುಡಿಸುತ್ತೇವೆ. ಹಾಗೆ ತಂದ ಮರಿ ಬದುಕುವುದು ಅಪರೂಪ.

ವಾಸ್ತವವಾಗಿ ಅದು ತಬ್ಬಲಿಯಲ್ಲ. ನಮ್ಮ ಹೊಲದ ಮೊಲ ಬಿಲ ತೋಡುವುದಿಲ್ಲ; ಮರಿ ಮೈತುಂಬ ಕೂದಲು, ತೆರೆದ ಕಣ್ಣುಗಳೊಡನೆ ನೆಲದ ಮೇಲೆಯೇ ಹುಟ್ಟುತ್ತದೆ. ನರಿ, ನಾಯಿಗಳಿಗೆ ಸುಳಿವು ಸಿಗದಂತೆ ತಾಯಿ ಹಗಲೆಲ್ಲ ದೂರವಿದ್ದು, ಕತ್ತಲಾದ ಮೇಲೆ ಬಂದು ಹಾಲೂಡುತ್ತದೆ.

ಆದುದರಿಂದ ಆ ಸ್ಥಳದ ನಾಲ್ಕು ಸಾಲು ಬೆಳೆಯನ್ನು ಅಂದಿಗೆ ಹಾಗೆಯೇ ಬಿಡೋಣ, ನಾಯಿಯನ್ನು ಕಟ್ಟಿಹಾಕೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಕಾಡುಮೊಲವನ್ನು ಹಿಡಿಯುವುದನ್ನು ನಿಷೇಧಿಸಿದೆ. ಬಸವಾದಿ ಶರಣರು ಬೋಧಿಸಿದ ದಯೆಯನ್ನು ನಮ್ಮ ಮಕ್ಕಳು ಹೊಲದಲ್ಲಿಯೇ ಕಲಿಯಲಿ. ಮರಿಯನ್ನು ದೂರದಿಂದ ತೋರಿಸಿ, ಮುಟ್ಟದೆ ಹಿಂದಿರುಗೋಣ.